ಪ್ರಾಯ ತುಂಬದವನಿಗೆ ನೇಣು ಬೇಕೇ?

ಕೊಯಮತ್ತೂರಿನಿಂದ ಮೇಟ್ಟುಪಾಳ್ಯಂ ರಸ್ತೆ ಹಿಡಿದು ಉತ್ತರಕ್ಕೆ ಸಾಗಿದರೆ ನಗರದ ಗದ್ದಲ ಪೂರ್ತಿ ಮುಗಿಯುವ ಮೊದಲೇ ಪೆರಿಯನಾಯಕನಪಾಳ್ಯಂ ಎದುರಾಗುತ್ತದೆ. ನೂಲಿನ ಗಿರಣಿಗಳಿಗೆ ಯಂತ್ರ ತಯಾರಿಸುವ ಲಕ್ಷ್ಮೀ ಮೆಷಿನ್ ವರ್ಕ್ಸ್ ಕಾರ್ಖಾನೆ ಇರುವುದು ಇಲ್ಲಿ. ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರರು 1930ರಲ್ಲಿ ಆರಂಭಿಸಿದ, 1934ರಲ್ಲಿ ಗಾಂಧೀಜಿ ಬಂದು ಅಡಿಗಲ್ಲು ಹಾಕಿದ ಶ್ರೀ ರಾಮಕೃಷ್ಣ ಮಿಷನ್ ವಿದ್ಯಾಲಯ ಇರುವುದೂ ಇಲ್ಲೇ. ಈ ಸೀಮೆಯಿಂದ ಕಾರಮಡೈ, ಸಿರುಮುಗೈ ತನಕದ ಊರುಗಳಲ್ಲಿ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ತಮಿಳು ಆಡುವ ಒಕ್ಕಲಿಗ, ದೇವಾಂಗ ಕುಟುಂಬಗಳು ಎಷ್ಟೋ ತಲೆಮಾರುಗಳಿಂದ ನೆಲೆನಿಂತಿವೆ. ಮನೆಗೆ ಒಂದು ಭಾಷೆ, ಕಚೇರಿಗೆ ಇನ್ನೊಂದು ಭಾಷೆ ಎಂಬ ಬಾಳು ಹೇಗಿರುತ್ತದೆಂದು ಕಾಸರಗೋಡಿನವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಂತಹ ಒಂದು ಮನೆಯ ಜಗಲಿಯಲ್ಲಿ ಈಚೆಗೆ ಮಾತಿಗೆ ಕುಳಿತಾಗ ಮನೆಯ ಹಿರಿಯರು ಪತ್ರಿಕೆ ಮಡಚಿಟ್ಟು ನಮ್ಮನ್ನು ಒಂದು ಪ್ರಶ್ನೆ ಕೇಳಿದರು: "ಕೊಂದವನಿಗೆ 17 ವರ್ಷವಾದರೇನು, 27 ಆದರೇನು? ಸತ್ತವರಿಗೆ ಅದರಲ್ಲಿ ವ್ಯತ್ಯಾಸ ಉಂಟೇ?"

ಕೊಯಮತ್ತೂರಿನವರು ಹೀಗೆ ಕೇಳುವುದಕ್ಕೆ ಕಾರಣವಿದೆ. 2010ರ ಅಕ್ಟೋಬರಿನಲ್ಲಿ ಆ ನಗರದಲ್ಲಿ ಶಾಲೆಗೆ ಹೊರಟ ಅಕ್ಕ ತಮ್ಮ ಇಬ್ಬರು ಎಳೆಯ ಮಕ್ಕಳನ್ನು ವಾಹನದಲ್ಲಿ ಕರೆದೊಯ್ದು ಕೊಂದರು. ಆರೋಪಿಗಳಲ್ಲಿ ಒಬ್ಬ ಪೋಲೀಸರ ಗುಂಡಿಗೆ ಸತ್ತ. ಇನ್ನೊಬ್ಬನಿಗೆ ವಿಧಿಸಿದ್ದ ಗಲ್ಲು ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಎತ್ತಿಹಿಡಿಯಿತು. ಇಬ್ಬರೂ ಪ್ರಾಯಸ್ಥರೇ ಆಗಿದ್ದರು. ಆದರೂ ಮಕ್ಕಳನ್ನು ಕಳಕೊಂಡ ಊರಿಗೆ ಕೊಲೆಗಾರನ ಜನ್ಮಪತ್ರಿಕೆ ನೋಡುವ ವ್ಯವಧಾನವಿಲ್ಲ. ಆ ಸಿಟ್ಟನ್ನು ಅರ್ಥವಿಲ್ಲದ್ದೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡಬೇಕಾಗಿದೆ.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡೋಣ. ಅಪರಾಧ ನಡೆದ ದಿನ 18 ವರ್ಷ ತುಂಬದವನಿಗೆ ಭಾರತದಲ್ಲಿ ಮರಣದಂಡನೆ ಇಲ್ಲ. 1986ರ ಬಾಲ ನ್ಯಾಯ ಕಾಯಿದೆಯಲ್ಲಿ ಹುಡುಗರಿಗೆ ಈ ಮೇರೆ 16 ಇತ್ತು, ಹುಡುಗಿಯರಿಗೆ 18. 2000ದ ಕಾಯಿದೆ ಇಬ್ಬರಿಗೂ 18 ಮಾಡಿತು. 2012ರ ಡಿಸೆಂಬರ್ 16ರ ದಿಲ್ಲಿಯ ಬಸ್ಸಿನ ಪ್ರಕರಣದಲ್ಲಿ ಆರು ಮಂದಿ ಆರೋಪಿಗಳ ಪೈಕಿ ಒಬ್ಬನಿಗೆ 18 ತುಂಬಲು ಕೆಲವೇ ತಿಂಗಳು ಬಾಕಿಯಿತ್ತು. ಅವನಿಗೆ ಸಿಕ್ಕಿದ್ದು ವಿಶೇಷ ಗೃಹದಲ್ಲಿ 3 ವರ್ಷ. ಅವನು 2015ರ ಡಿಸೆಂಬರಿನಲ್ಲಿ ಹೊರಬಂದ ಎರಡೇ ದಿನಗಳಲ್ಲಿ ರಾಜ್ಯಸಭೆ ಹೊಸ ಮಸೂದೆಯನ್ನು ಪಾಸು ಮಾಡಿತು. ಅದರಂತೆ 16ರಿಂದ 18ರ ನಡುವಿನವನು ಘೋರ ಅಪರಾಧ ಮಾಡಿದರೆ, ಬಾಲ ನ್ಯಾಯ ಮಂಡಳಿ ಅವನ ಮನಸ್ಸಿನ ಬೆಳವಣಿಗೆಯನ್ನು ಪರಿಶೀಲಿಸಿ, ದೊಡ್ಡವರಂತೆ ವಿಚಾರಣೆಗೆ ಗುರಿಪಡಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಆದರೆ ಅಷ್ಟು ಸಿಟ್ಟಿನಲ್ಲಿ ಮಾಡಿದ ಕಾಯಿದೆಯೂ ತನ್ನ 21ನೇ ಕಲಮಿನಲ್ಲಿ ಒಂದು ಗೆರೆ ಎಳೆದಿದೆ: ಮರಣದಂಡನೆ ಕೂಡದು, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಕೂಡದು.

ಈ ಗೆರೆ ಪರದೇಶದಿಂದ ತಂದದ್ದೆಂದು ಕೆಲವರು ಹೇಳುತ್ತಾರೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿಗೆ ಕೊಟ್ಟದ್ದು ನಿಜ. ಆದರೆ ಎಳೆಯರಿಗೆ ಬೇರೆ ನ್ಯಾಯ ಬೇಕೆಂಬ ವಿಚಾರ ನಮ್ಮ ಕಡೆಗೆ ಅದಕ್ಕಿಂತ ಬಹಳ ಹಿಂದೆಯೇ ಬಂದಿತ್ತು. ಭಾರತದ ಮೊತ್ತಮೊದಲ ಮಕ್ಕಳ ಕಾಯಿದೆ 1920ರ ಮದ್ರಾಸು ಮಕ್ಕಳ ಕಾಯಿದೆ. ಬಂಗಾಳ, ಮುಂಬಯಿಗಳು ಅನಂತರ ಅದನ್ನು ಅನುಸರಿಸಿದವು. ಕೊಯಮತ್ತೂರೂ, ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ನಮ್ಮ ಕಾಸರಗೋಡೂ ಆಗ ಒಂದೇ ಮದ್ರಾಸು ಪ್ರಾಂತ್ಯ. ಗಲ್ಲು ಖಾಯಂ ಆಗುತ್ತಿದ್ದುದು ಒಂದೇ ಮದ್ರಾಸು ಉಚ್ಚ ನ್ಯಾಯಾಲಯದಲ್ಲಿ.

ಹಿರಿಯರ ಪ್ರಶ್ನೆಗೆ ನಮ್ಮ ಮಣ್ಣಿನಲ್ಲೇ ಒಂದು ಹಳೆಯ ಉತ್ತರ ಇದೆ. ಅದು ಕಯ್ಯೂರಿನದು.

1941ರ ಮಾರ್ಚ್ 28ರಂದು ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ಎದುರಿಗೆ ಸಿಕ್ಕಿದ ಪೋಲೀಸ್ ಕಾನ್‌ಸ್ಟೇಬಲ್ ಸುಬ್ಬರಾಯನ್ ಹೊಳೆಗೆ ಬಿದ್ದು ಸತ್ತರು. ಮಂಗಳೂರಿನ ಸೆಶನ್ಸ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ಐವರಿಗೆ ಮರಣದಂಡನೆ ಎಂದು ತೀರ್ಮಾನವಾಯಿತು. ಮಠತ್ತಿಲ್ ಅಪ್ಪು, ಕೋಯಿತ್ತಾಟ್ಟಿಲ್ ಚಿರುಕಂಡನ್, ಪೊಡವರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಈ ನಾಲ್ವರನ್ನು 1943ರ ಮಾರ್ಚ್ 29ರ ಬೆಳಗ್ಗೆ ಕಣ್ಣೂರು ಸೆಂಟ್ರಲ್ ಜೈಲಿನಲ್ಲಿ ನೇಣಿಗೇರಿಸಲಾಯಿತು. ನೀಲೇಶ್ವರದಲ್ಲಿ ಓದಿದ ನಿರಂಜನರು ಈ ಕತೆಯನ್ನೇ 1955ರಲ್ಲಿ 'ಚಿರಸ್ಮರಣೆ' ಕಾದಂಬರಿಯಾಗಿ ಬರೆದು ಕನ್ನಡಕ್ಕೆ ಕೊಟ್ಟರು. ಲೆನಿನ್ ರಾಜೇಂದ್ರನ್ 1986ರಲ್ಲಿ ಮಲಯಾಳದಲ್ಲಿ ಸಿನೆಮಾ ಮಾಡಿದರು. ಆ ನಾಲ್ಕು ಹೆಸರುಗಳು ಇಲ್ಲಿಯ ಎಳೆಮಕ್ಕಳ ಬಾಯಲ್ಲೂ ಇವೆ.

ಐದನೆಯವನ ಸುದ್ದಿ ಅಷ್ಟು ಮಂದಿಗೆ ನೆನಪಿರುವುದಿಲ್ಲ. ಚೂರಿಕ್ಕಾಡನ್ ಕೃಷ್ಣನ್ ನಾಯರ್. ಅವನಿಗೆ ಪ್ರಾಯ ತುಂಬಿರಲಿಲ್ಲ. ಆ ಒಂದೇ ಕಾರಣಕ್ಕೆ ಉರುಳು ಅವನ ಕೊರಳಿನಿಂದ ತಪ್ಪಿತು.

ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. ಕೇಸು ಸಣ್ಣದಾಗಿರಲಿಲ್ಲ. ಸತ್ತವರು ಸರಕಾರದ ಪೋಲೀಸು, ಕೊಂದವರೆಂದು ನಿಂತವರು ಕೆಂಬಾವುಟದ ರೈತರು. ಹೊರಗೆ ಎರಡನೇ ಮಹಾಯುದ್ಧ, ಒಳಗೆ 'ಭಾರತ ಬಿಟ್ಟು ತೊಲಗಿ' ಚಳವಳಿ. ಆಗಿನ ಸರಕಾರಕ್ಕೆ ದಯೆ ತೋರಿಸುವ ಹಂಗು ಯಾವುದೂ ಇರಲಿಲ್ಲ. ಕೊಯಮತ್ತೂರಿನ ಕಡೆಯವರಿಗೆ ಇದು ಅರ್ಥವಾಗುತ್ತದೆ. ಅವರದೇ ಚಿನ್ನಿಯಂಪಾಳ್ಯದ ಗಿರಣಿ ಕಾರ್ಮಿಕರಾದ ರಾಮಯ್ಯನ್, ವೆಂಕಟಾಚಲಂ, ಚಿನ್ನಯ್ಯನ್, ರಂಗಣ್ಣನ್ ಎಂಬ ನಾಲ್ವರು ಯುವಕರನ್ನು ಅದೇ ಆಡಳಿತ 1946ರ ಜನವರಿ 8ರಂದು, ಸ್ವಾತಂತ್ರ್ಯಕ್ಕೆ ಎರಡು ವರ್ಷವೂ ಬಾಕಿಯಿಲ್ಲದಾಗ, ಕೊಯಮತ್ತೂರು ಜೈಲಿನಲ್ಲಿ ಗಲ್ಲಿಗೇರಿಸಿತು. ಅಷ್ಟು ಗಟ್ಟಿ ಮನಸ್ಸಿನ ಆಡಳಿತವೂ ಪ್ರಾಯ ತುಂಬದ ಹುಡುಗನ ಮುಂದೆ ಕೈ ತಡೆಯಿತು. ಸ್ವತಂತ್ರ ಭಾರತದ ನಾವು ಅದಕ್ಕಿಂತ ಕೆಳಗೆ ಇಳಿಯಬೇಕೆಂದು ಕೇಳುವುದು ನಮಗಂತೂ ಸರಿಯೆನಿಸುವುದಿಲ್ಲ.

ಇನ್ನು ವಾದಕ್ಕೆ ಬರೋಣ. ಕೊಲ್ಲುವಷ್ಟು ದೊಡ್ಡವನಾದವನು ಸಾಯುವಷ್ಟೂ ದೊಡ್ಡವನೇ ಎನ್ನುತ್ತಾರೆ. ಕೇಳಲು ಚುರುಕಾಗಿದೆ. ಆದರೆ 17 ವರ್ಷದವನಿಗೆ ನಾವು ಓಟು ಕೊಡುವುದಿಲ್ಲ. ಅವನು ಬರೆದುಕೊಟ್ಟ ಕ್ರಯಪತ್ರ ರಿಜಿಸ್ಟ್ರಾರರ ಕಚೇರಿಯಲ್ಲಿ ನಡೆಯುವುದಿಲ್ಲ. ಕಾರು ಓಡಿಸಲು ಲೈಸೆನ್ಸು ಇಲ್ಲ, ಮದುವೆಗಂತೂ 21 ಆಗಬೇಕು. ತನ್ನ ಅಜ್ಜ ಬಿಟ್ಟುಹೋದ ಹತ್ತು ಸೆಂಟ್ಸ್ ಜಾಗವನ್ನು ಮಾರುವ ವಿವೇಕ ಇವನಿಗಿಲ್ಲವೆಂದು ಹೇಳುವ ಕಾನೂನು, ನೇಣಿನ ಹಲಗೆಯ ಮೇಲೆ ಮಾತ್ರ ಇವನು ಪೂರ್ಣ ವಿವೇಕಿ ಎನ್ನಲು ಹೇಗೆ ಸಾಧ್ಯ? ಅಮೇರಿಕದಂತಹ ದೇಶದಲ್ಲಿ, ಬಾಲಕರಾಗಿದ್ದಾಗ ಮಾಡಿದ ಕೊಲೆಗಳಿಗಾಗಿ 1976ರ ಬಳಿಕವೂ 22 ಮಂದಿಯನ್ನು ಕೊಂದ ಮೇಲೆ, 2005ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಇನ್ನು ಇದು ಕೂಡದೆಂದು ಹೇಳಿತು. ಒಂಬತ್ತು ನ್ಯಾಯಾಧೀಶರಲ್ಲಿ ಐವರು ಆ ಕಡೆ, ನಾಲ್ವರು ಈ ಕಡೆ. ಒಬ್ಬರ ಮನಸ್ಸು ಬದಲಾಗಿದ್ದರೆ ತೀರ್ಪೇ ಬದಲಾಗುತ್ತಿತ್ತು.

ಭಯ ಹುಟ್ಟಿಸಲಾದರೂ ನೇಣು ಬೇಕೆಂಬವರಿದ್ದಾರೆ. ಕೇರಳದಲ್ಲಿ ಕೊನೆಯ ಗಲ್ಲು ಆದದ್ದು 1991ರಲ್ಲಿ, ಅದೇ ಕಣ್ಣೂರು ಜೈಲಿನಲ್ಲಿ. ತಮಿಳುನಾಡಿನಲ್ಲಿ 1995ರಲ್ಲಿ, ಸೇಲಂನಲ್ಲಿ. ಗೆಳೆಯರ ಗುಂಪಿನಲ್ಲಿ ಹುರುಪಿಗೆ ಬಿದ್ದು ಚೂರಿ ತೆಗೆಯುವ ಹುಡುಗ ಈ ಇಸವಿಗಳನ್ನು ಲೆಕ್ಕ ಹಾಕಿ ಕೈ ಹಿಂದೆಗೆಯುತ್ತಾನೆಂದು ನಂಬಲು ನಮ್ಮಿಂದಾಗದು. ದೇಶದ ಒಟ್ಟು ಅಪರಾಧಗಳಲ್ಲಿ ಬಾಲಕರ ಪಾಲು ನೂರಕ್ಕೆ ಒಂದರ ಆಸುಪಾಸಿನಲ್ಲಿರುವುದಾಗಿ ಸರಕಾರದ ಅಂಕಿ ಅಂಶಗಳೇ ವರ್ಷ ವರ್ಷವೂ ತೋರಿಸಿವೆ.

ಮೂರು ವರ್ಷ ಸಾಕೇ ಎಂಬ ದೂರು ಮಾತ್ರ ನ್ಯಾಯವಾದದ್ದು. ಮಗಳನ್ನು ಕಳಕೊಂಡ ತಾಯಿಗೆ, ಆ ಹುಡುಗ ಒಳಗೆ ಏನು ಕಲಿತ, ಹೊರಗೆ ಬಂದು ಎಲ್ಲಿಗೆ ಹೋದ ಎಂದು ಒಂದು ಮಾತು ಹೇಳುವವರೂ ಇಲ್ಲದಿದ್ದರೆ ಅವಳಿಗೆ ಕಾನೂನು ಕೊಲೆಗಾರನ ಚಾಕರಿ ಮಾಡುತ್ತಿದೆಯೆಂದೇ ತೋರುತ್ತದೆ. 2015ರ ಕಾಯಿದೆ ಈ ದೂರಿಗೆ ಅರ್ಧ ಉತ್ತರ ಕೊಟ್ಟಿದೆ. ಘೋರ ಅಪರಾಧಗಳಲ್ಲಿ ದೀರ್ಘ ಶಿಕ್ಷೆಗೆ ದಾರಿಯಿದೆ. ಉಳಿದರ್ಧ, ಅಂದರೆ ಸತ್ತವರ ಕುಟುಂಬದ ಕಡೆಗೆ ನೋಡುವುದು, ಇನ್ನೂ ಬಾಕಿಯೇ ಇದೆ. ಅದನ್ನು ಗಟ್ಟಿಯಾಗಿ ಕೇಳಬೇಕು. ಅದರ ಬದಲಿಗೆ ಹುಡುಗನ ಕೊರಳು ಕೇಳುವುದರಿಂದ ಆ ತಾಯಿಯ ಬಾಗಿಲಿಗೆ ಯಾರೂ ಬಂದಂತಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಹೆಚ್ಚಿನವರು ಮಾತು ಮುಗಿಯಿತು ಎನ್ನುತ್ತಾರೆ. ಎಳೆಯರಿಗೆ ನೇಣು ಇಲ್ಲ, ಕಾನೂನು ಹಾಗೆ ಹೇಳಿದೆ, ಅಷ್ಟೇ. ಅಷ್ಟೇ ಅಲ್ಲವೆಂದು ತೋರಿಸುವ ಎರಡು ಪ್ರಕರಣಗಳು ಈಚೆಗೆ ಸರ್ವೋಚ್ಚ ನ್ಯಾಯಾಲಯದಿಂದ ಹೊರಬಂದಿವೆ. ಕಾಯಿದೆಯ 74ನೇ ಕಲಂ ಇಂತಹವರ ಗುರುತನ್ನು ಮರೆಮಾಡಲು ಹೇಳುವುದರಿಂದ ಹೆಸರುಗಳನ್ನು ನಾವು ಅಚ್ಚು ಹಾಕುವುದಿಲ್ಲ.

ಮೊದಲನೆಯದು ಪುಣೆಯದು. 1994ರ ಆಗಸ್ಟಿನಲ್ಲಿ ಅಲ್ಲಿ ಒಂದೇ ಮನೆಯಲ್ಲಿ ಹೆಂಗಸರು ಮಕ್ಕಳು ಸೇರಿ ಏಳು ಮಂದಿಯ ಕೊಲೆಯಾಯಿತು. ರಾಜಸ್ಥಾನದಿಂದ ಬಂದಿದ್ದ ಒಬ್ಬನಿಗೆ 1998ರಲ್ಲಿ ಮರಣದಂಡನೆಯಾಯಿತು, ಮುಂಬಯಿ ಉಚ್ಚ ನ್ಯಾಯಾಲಯ ಒಪ್ಪಿತು, 2000ದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಒಪ್ಪಿತು. ವಿಚಾರಣೆಯ ಕಡತದಲ್ಲಿ ಅವನು ಪ್ರಾಯಸ್ಥ. 2018ರಲ್ಲಿ ಅವನ ಪರವಾಗಿ ಅರ್ಜಿ ಹೋಯಿತು: ಇವನು ಆಗ ಬಾಲಕನಾಗಿದ್ದ, ಊರಿನ ಶಾಲೆಯ ದಾಖಲೆ ನೋಡಿ. ಹೆಸರು ಶಾಲೆಯಲ್ಲಿ ಒಂದು ರೀತಿ, ಕೋರ್ಟಿನಲ್ಲಿ ಇನ್ನೊಂದು ರೀತಿ ಇತ್ತು. ಪುಣೆಯ ಜಿಲ್ಲಾ ನ್ಯಾಯಾಧೀಶರು ತನಿಖೆ ಮಾಡಿ ವರದಿ ಕೊಟ್ಟರು. 2023ರ ಮಾರ್ಚ್ 27ರಂದು ತೀರ್ಪು ಬಂತು. ಅಪರಾಧದ ದಿನ ಅವನ ಪ್ರಾಯ 12 ವರ್ಷ 6 ತಿಂಗಳು.

ವಾಚಕರು ಇನ್ನೊಮ್ಮೆ ಓದಬೇಕು. ಹನ್ನೆರಡೂವರೆ ವರ್ಷ. ಏಳನೇ ತರಗತಿಯ ಹುಡುಗ. ಅವನು ಜೈಲಿನಲ್ಲಿ ಕಳೆದದ್ದು 28 ವರ್ಷಕ್ಕೂ ಹೆಚ್ಚು. ಅದರಲ್ಲಿ ಬಹುಪಾಲು ನೇಣಿನ ನೆರಳಿನಲ್ಲಿ. ಅಲ್ಲೇ ಓದಿ ಸ್ನಾತಕೋತ್ತರ ಪದವಿಯನ್ನೂ ಪಡೆದ. ಮೂರು ಹಂತದ ನ್ಯಾಯಾಲಯಗಳ ಕಣ್ಣಿಗೆ ಬೀಳದ ಪ್ರಾಯ ಒಂದು ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಸುಮ್ಮನೆ ಮಲಗಿತ್ತು.

ಪ್ರಾಯವೆಂಬುದು ನಮ್ಮ ದೇಶದಲ್ಲಿ ಅಷ್ಟು ಸುಲಭದ ಸಂಗತಿಯಲ್ಲ. ನಮ್ಮ ಕಡೆಯ ಹಿಂದಿನವರನ್ನು ಕೇಳಿದರೆ 1923ರ ಮಾರಿಬೊಳ್ಳದ ವರ್ಷ ಹುಟ್ಟಿದೆ, ಅದರ ಮರುವರ್ಷ ಹುಟ್ಟಿದೆ ಎನ್ನುತ್ತಿದ್ದರು. ಅನುಕೂಲಸ್ಥರ ಮನೆಯಲ್ಲಿ ಜಾತಕ ಇರುತ್ತಿತ್ತು, ಗೇಣಿಯವರ ಮನೆಯಲ್ಲಿ ನೆರೆಯೇ ಜಾತಕ. ಆಮೇಲೆ ಶಾಲೆ ಬಂತು. ಮಗುವನ್ನು ಕರೆತಂದ ತಂದೆ ತಬ್ಬಿಬ್ಬಾದಾಗ ಹೆಡ್ಮಾಸ್ಟರರು ಮುಖ ನೋಡಿ, ಹಲ್ಲು ನೋಡಿ, ಒಂದು ತಾರೀಕು ಬರೆದರು. ಜೂನ್ 1ರಂದು ಹುಟ್ಟಿದ ನಿವೃತ್ತ ನೌಕರರು ಒಂದು ತಲೆಮಾರಿನಲ್ಲಿ ಅಷ್ಟೊಂದು ಮಂದಿ ಇರುವುದರ ಗುಟ್ಟು ಇದೇ! ಪೆನ್ಶನಿನ ಲೆಕ್ಕಕ್ಕೆ ಇದು ನಗೆಯ ಮಾತು. ಆದರೆ ಬಾಲ ನ್ಯಾಯ ಕಾಯಿದೆಯ 94ನೇ ಕಲಂ ಪ್ರಾಯ ತಿಳಿಯಲು ಮೊದಲು ನೋಡಬೇಕೆನ್ನುವುದು ಶಾಲೆಯ ದಾಖಲೆಯನ್ನೇ. ಅದಿಲ್ಲದಿದ್ದರೆ ಪಂಚಾಯತು, ನಗರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಎಲುಬಿನ ಎಕ್ಸ್‌ರೇ. ಈ ಎಕ್ಸ್‌ರೇ ಹೇಳುವ ಪ್ರಾಯ ಆಚೆ ಈಚೆ ಎರಡು ವರ್ಷ ತಪ್ಪಬಹುದೆಂದು ಸರ್ವೋಚ್ಚ ನ್ಯಾಯಾಲಯವೇ 1982ರಲ್ಲಿ ಹೇಳಿತ್ತು. 16ಕ್ಕೂ 18ಕ್ಕೂ ನಡುವೆ ಇರುವುದೂ ಅಷ್ಟೇ ಎರಡು ವರ್ಷ.

ಪೆರಿಯನಾಯಕನಪಾಳ್ಯದ ವಿದ್ಯಾಲಯದಂತಹ ಶಾಲೆಗೆ ಸೇರಿದ ಹುಡುಗನಿಗೆ ಈ ಚಿಂತೆಯಿಲ್ಲ. ಅವನ ಹುಟ್ಟಿದ ದಿನ ಶಾಯಿಯಲ್ಲಿ ಬರೆದಿರುತ್ತದೆ. ಶಾಲೆಯ ಬದಲು ದುಡಿತಕ್ಕೆ ಇಳಿದವನ ಗತಿ ಬೇರೆ. ಕೊಯಮತ್ತೂರಿನ ಎರಕದ ಅಚ್ಚುಶಾಲೆಗಳಿಗೆ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ, ನಮ್ಮಲ್ಲಿಯ ಕಲ್ಲುಕೋರೆ ಹೋಟೆಲುಗಳಿಗೂ ಬಿಹಾರ, ಒಡಿಶಾ, ಅಸ್ಸಾಮಿನಿಂದ ರೈಲು ಹತ್ತಿ ಬರುವ ಹುಡುಗರನ್ನು ನೋಡಿ. ಕೆಲಸ ಕೊಡುವವನು 18 ಆಗಿದೆಯೇ ಎಂದು ಕೇಳುತ್ತಾನೆ. ಆಗಿದೆ ಎಂದು ಹುಡುಗ ಹೇಳುತ್ತಾನೆ. ಹೇಳದಿದ್ದರೆ ಊಟವಿಲ್ಲ. ಕಾರ್ಡಿನಲ್ಲೂ ಹಾಗೆಯೇ ಬರೆಸಿಕೊಂಡಿರುತ್ತಾನೆ. ಹೊಟ್ಟೆಪಾಡಿಗಾಗಿ ಏರಿಸಿಕೊಂಡ ಆ ಎರಡು ಮೂರು ವರ್ಷ, ನಾಳೆ ಅವನು ಯಾವುದಾದರೂ ಹೊಡೆದಾಟದಲ್ಲಿ ಸಿಕ್ಕಿಬಿದ್ದರೆ, ಅವನ ಕೊರಳಿಗೇ ಬರುತ್ತದೆ. ಆಧಾರ್ ಕಾರ್ಡು ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ ಹೇಳಿದ್ದು ಒಳ್ಳೆಯದೇ ಆಯಿತು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಜನನ ಪತ್ರವೇ ಮುಖ್ಯ ದಾಖಲೆಯೆಂಬ ತಿದ್ದುಪಡಿಯೂ ಬಂದಿದೆ. ಆ ಮಕ್ಕಳಿಗೆ 16 ತುಂಬುವಾಗ 2039 ಆಗಿರುತ್ತದೆ. ಅಲ್ಲಿಯವರೆಗೆ ಠಾಣೆಗೆ ಬರುವ ಹುಡುಗರು ಹಳೆಯ ಲೆಕ್ಕದವರೇ.

ಆದ್ದರಿಂದ ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ, ಬೇಡ ಎಂಬುದಷ್ಟೇ ಅಲ್ಲ. ಬೇಡ ಎಂದು ಬರೆದಿಟ್ಟ ಕಾನೂನು ಇದ್ದಾಗಲೂ ಹುಡುಗರನ್ನು ನೇಣಿನ ಕೋಣೆಯವರೆಗೆ ಒಯ್ದಿದ್ದೇವೆ. ಆ ಕಾನೂನನ್ನೂ ಸಡಿಲಿಸಿದರೆ ಏನಾದೀತು? ಬಂಧಿಸಿದ ಮೊದಲ ದಿನ ಠಾಣೆಯ ಬರಹಗಾರ ಹುಡುಗನ ಮುಖ ನೋಡಿ 'ವಯಸ್ಸು 20' ಎಂದು ಗೀಚುತ್ತಾನೆ. ಆ ಅಂಕೆ ಅಲ್ಲಿಂದ ರಿಮಾಂಡಿಗೆ, ರಿಮಾಂಡಿನಿಂದ ದೋಷಾರೋಪ ಪಟ್ಟಿಗೆ, ಅಲ್ಲಿಂದ ತೀರ್ಪಿಗೆ ನಡೆದುಹೋಗುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣಕ್ಕೆ ಒಬ್ಬ ಪೋಲೀಸ್ ಅಧಿಕಾರಿ ಇರಬೇಕೆಂದು ಕಾಯಿದೆಯಿದೆ. ಆ ಅಧಿಕಾರಿ ಮೊದಲ ವಾರದಲ್ಲೇ ಹುಡುಗನ ಊರಿನ ಶಾಲೆಗೆ ಒಂದು ಪತ್ರ ಬರೆದು, ಬಂದ ಉತ್ತರವನ್ನು ಕಡತಕ್ಕೆ ಸೇರಿಸಿದರೆ ಖರ್ಚಾಗುವುದು ಅಂಚೆಯ ದುಡ್ಡು. ಹುಡುಗ ತಮಿಳೋ ಮಲಯಾಳವೋ ತಿಳಿಯದ ಒರಿಯಾದವನಾದರೆ ಅವನ ಮಾತು ಬಲ್ಲವರೊಬ್ಬರು ಪಕ್ಕದಲ್ಲಿರಬೇಕು. ಭಾಷೆ ತಿಳಿಯದ ಕಾಗದಕ್ಕೆ ಸಹಿ ಹಾಕುವುದೆಂದರೇನೆಂದು ಗಡಿನಾಡಿನವರಿಗೆ ಹೊಸದಾಗಿ ಹೇಳಬೇಕೇ?

ಎರಡನೆಯ ಪ್ರಕರಣ ಡೆಹರಾಡೂನಿನದು. 1994ರಲ್ಲಿ ಅಲ್ಲಿಯ ಒಂದು ಮನೆಯ ಮೂವರ ಕೊಲೆಯಾಯಿತು. ಆ ಮನೆಯ ಕೆಲಸಕ್ಕಿದ್ದ ಹುಡುಗ ಐದು ವರ್ಷದ ಬಳಿಕ ಬಂಗಾಳದಲ್ಲಿ ಸಿಕ್ಕಿದ. ತಾನಾಗ ಬಾಲಕನಾಗಿದ್ದೆನೆಂದು ಹೇಳಿದ. ಅವನ ಹೆಸರಿನಲ್ಲಿ ಬ್ಯಾಂಕಿನ ಖಾತೆ ಇದೆ, ಆದ್ದರಿಂದ ಪ್ರಾಯಸ್ಥನೇ ಎಂದು ಕೆಳಗಿನ ಕೋರ್ಟು ತರ್ಕಿಸಿ ಗಲ್ಲು ವಿಧಿಸಿತು. ಮೇಲಿನವರೆಲ್ಲ ಒಪ್ಪಿದರು. 2012ರಲ್ಲಿ ರಾಷ್ಟ್ರಪತಿಗಳು ನೇಣು ತಪ್ಪಿಸಿದರು, ಆದರೆ 60 ವರ್ಷ ತುಂಬುವ ತನಕ ಬಿಡಬಾರದೆಂಬ ಷರತ್ತಿನೊಂದಿಗೆ. 2025ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯದ ಪೀಠದಲ್ಲಿದ್ದ ಇಬ್ಬರೂ ನಮ್ಮ ಸೀಮೆಯ ಕಡೆಯವರೇ: ಈರೋಡಿನ ಎಂ. ಎಂ. ಸುಂದರೇಶ್, ಕರ್ನಾಟಕದ ಅರವಿಂದ ಕುಮಾರ್. ಕೊಲೆಯ ದಿನ ಅವನಿಗೆ ಸುಮಾರು 14 ವರ್ಷವೆಂದು ಅವರು ಒಪ್ಪಿ, ನ್ಯಾಯಾಲಯಗಳ ಕೈಯಿಂದಲೇ ಅನ್ಯಾಯವಾಗಿದೆ, ಕಳೆದುಹೋದ ಕಾಲವನ್ನು ಮರಳಿಸಲಾಗದು ಎಂಬರ್ಥದಲ್ಲಿ ಬರೆದರು. 25 ವರ್ಷ ಒಳಗಿದ್ದವನನ್ನು ಬಿಡುಗಡೆ ಮಾಡಿದರು. ಹೊರಗೆ ಬಂದವನಿಗೆ ಇರಲು ಮನೆಯೋ ಮಾಡಲು ಕೆಲಸವೋ ಒದಗಿಸುವ ಯೋಜನೆ ಸರಕಾರದಲ್ಲಿ ಯಾವುದಿದೆಯೆಂದು ಹುಡುಕಿ ಕೊಡುವಂತೆ ಉತ್ತರಾಖಂಡದ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಪ್ಪಣೆಯಾಯಿತು. ಅವನಿಗೆ ಆಗ ನಲವತ್ತೈದರ ಹತ್ತಿರ ಪ್ರಾಯ.